ಯಾವ ಕ್ಲೌಡ್ ಅಂತ ಮೊದ್ಲ ಹೇಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಸಣ್ಣ ವ್ಯಾಪಾರಸ್ಥರೆಲ್ಲ ಕ್ಲೌಡಿಗೆ (ಅಂದ್ರ ಲೆಕ್ಕ-ಪತ್ರ ಎಲ್ಲಾ ನೆಟ್ ಮೂಲಕ ಬಳಸೋ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರ್ನಾಗ ಇಡಾಕ) ಹೋಗ್ರಿ ಅಂತ ನಿಮ್ಮ ಪೇಪರ್ನಾಗ ಬಂದಿತ್ತು, ಓದಿದೆ, ಆದ್ರ ಯಾವ ಕ್ಲೌಡಿಗೆ ಅನ್ನೂದನ್ನ ಬಿಟ್ಟೀರಿ. ನಾ ಕೈ ಸುಟ್ಕೊಂಡಿದ್ದು ಅಲ್ಲೇ.

ನಮ್ದು ಬ್ಯಾಡಗಿಯೊಳಗ ಒಣಮೆಣಸಿನಕಾಯಿ ದಲಾಲಿ ಅಂಗಡಿ. ಮೂರು ವರ್ಷದ ಹಿಂದ ಒಬ್ಬಾಂವ ಬಂದು 'ಪ್ರೈವೇಟ್ ಕ್ಲೌಡ್, ಅಂದ್ರ ನಿಮಗಷ್ಟ ಅಂತ ಸ್ವಂತ ಸರ್ವರ್, ಹಾಕಿಸ್ರಿ ಸಾಹುಕಾರ್ರ, ನಿಮ್ಮ ಡೇಟಾ ನಿಮ್ಮ ಕೈಯಾಗ ಇರತೈತಿ' ಅಂದ, ನಾವೂ ಹೂಂ ಅಂದ್ವಿ. ನೋಡಿದ್ರ ಗಾದಿ ಹಿಂದ ಮೂಲ್ಯಾಗ ಒಂದು ಸರ್ವರ್ ಡಬ್ಬಿ, ಅದಕ್ಕೊಂದು ಯುಪಿಎಸ್, ಮುಗೀತು. ಮೆಣಸಿನಕಾಯಿ ಧೂಳು ಫ್ಯಾನಿನೊಳಗ ಹೊಕ್ಕು, ಮಳಿಗಾಲದಾಗ ಕರೆಂಟ್ ಹೋಗಿ ಬಂದು ಮಾಡಿ ಎರಡನೇ ವರ್ಷಕ್ಕ ಡಿಸ್ಕ್ ಸತ್ತ ಹೋತು. ರೈತರ ಪಟ್ಟಿ, ಖರೀದಿದಾರರ ಬಾಕಿ ಎಲ್ಲಾ ಅದರಾಗ! ಫೋನ್ ಹಚ್ಚಿದ್ರ ಎಎಂಸಿ (ವರ್ಷದ ರಿಪೇರಿ ಕರಾರು) ಮುಗದೈತ್ರಿ ಅಂದ್ರು. ನಮ್ಮ ಗುಮಾಸ್ತರು ಇನ್ನೂ ಕೆಂಪು ವಹಿ ಬರಿಯೂದು ಬಿಟ್ಟಿರಲಿಲ್ಲ, ಅದಕ್ಕ ಬದುಕಿದ್ವಿ.

ಪ್ರೈವೇಟ್ ಕೆಟ್ಟದ್ದು ಅಂತಲ್ಲ, ನೋಡ್ಕೊಳ್ಳಾಕ ಸ್ವಂತ ಮಂದಿ ಇರೋ ಬ್ಯಾಂಕಿಗೆ, ದೊಡ್ಡ ಆಸ್ಪತ್ರಿಗೆ ಅದು ಸರಿ. ನಮಗ ಸೀಸನ್ ಅಂದ್ರ ಜನವರಿಯಿಂದ ಮಾರ್ಚ್, ಸೋಮವಾರ ಗುರುವಾರ ಉಸಿರಾಡಾಕ ಪುರುಸೊತ್ತಿಲ್ಲ, ಉಳದ ದಿನ ಖಾಲಿ. ನಮ್ಮೂರ ಕೋಲ್ಡ್ ಸ್ಟೋರೇಜ್ ಇದ್ದಂಗ ಪಬ್ಲಿಕ್ ಕ್ಲೌಡ್ (ದೊಡ್ಡ ಕಂಪನಿಯವ್ರ ಸರ್ವರ್‌ನಾಗ ಬಾಡಿಗಿ ಜಾಗ): ಎಷ್ಟು ಚೀಲ ಇಟ್ಟಿರೋ ಅಷ್ಟಕ್ಕ ಬಾಡಿಗಿ. ಅಮೆಜಾನ್‌ನವ್ರು 2006ರಾಗ ಹಿಂಗ ಸರ್ವರ್ ಬಾಡಿಗಿ ಶುರು ಮಾಡಿದ್ರು, 2016ರಿಂದ ಮುಂಬೈದಾಗೂ ಐತಿ, ಅಂದ್ರ ಡೇಟಾ ದೇಶ ಬಿಟ್ಟು ಹೋಗೂದೇನ ಬೇಕಾಗಿಲ್ಲ. ಕಂಪನಿ ಅಂತ ರಿಜಿಸ್ಟರ್ ಆದವ್ರು ಕಂಪ್ಯೂಟರ್ ಲೆಕ್ಕದ ಬ್ಯಾಕಪ್ಪನ್ನ ದಿನಾ ಭಾರತದೊಳಗಿನ ಸರ್ವರ್‌ನಾಗ ಇಡಬೇಕು ಅಂತ 2022ರಾಗ ರೂಲೇ ಬಂದೈತಿ.

ಪಬ್ಲಿಕ್ ಕ್ಲೌಡಿನಾಗೂ ಎರಡು ಥರ ಅದಾವ್ರಿ. ಬರೇ ಸರ್ವರ್ ಬಾಡಿಗಿಗೆ ತಗೊಂಡ್ರ ಅಪ್‌ಡೇಟ್, ಪಾಸ್‌ವರ್ಡ್, ಬ್ಯಾಕಪ್ ಎಲ್ಲಾ ನಿಮ್ಮ ತಲಿ ಮ್ಯಾಲೆ, ಸಾಫ್ಟ್‌ವೇರನ್ನ ಬಾಡಿಗಿಗೆ ತಗೊಂಡ್ರ ಸರ್ವರ್, ಅಪ್‌ಡೇಟ್ ಅವ್ರ ತಲಿ ಮ್ಯಾಲೆ, ಜಿಮೇಲ್ ಇದ್ದಂಗ, ಪಾಸ್‌ವರ್ಡ್ ಆಗಲೂ ನೀವ ಕಾಯ್ಕೋಬೇಕು. ಕಂಪ್ಯೂಟರ್ ಹುಡುಗನ್ನ ಇಟ್ಕೊಳ್ಳಾಕ ಆಗದ ಅಂಗಡಿಯವ್ರು ಮೊದಲನೇದಕ್ಕ ಕೈ ಹಾಕಬ್ಯಾಡ್ರಿ.

ಈಗ ನಾ ಬಿಲ್ಲಿಂಗ್ ಅಂಗಡಿ ಕಂಪ್ಯೂಟರ್ನಾಗ ಇಟ್ಕೊಂಡೀನಿ, ಯಾಕಂದ್ರ ರಸ್ತಾ ಅಗದಾಗೆಲ್ಲ ನೆಟ್ ಹೋಗತೈತಿ, ರಾತ್ರಿ ಬ್ಯಾಕಪ್ ಅಷ್ಟ ಕ್ಲೌಡಿಗೆ ಹೋಗತೈತಿ. ಇಡಾಕ ಬಾಡಿಗಿ ಕಡಿಮಿ, ಆದ್ರ ದೊಡ್ಡ ಡೇಟಾ ವಾಪಸ್ ತಗಿಯೂಮುಂದ ಕೆಲವ್ರು ಬ್ಯಾರೆ ಚಾರ್ಜ್ ಹಾಕ್ತಾರ, ಇದನ್ನ ಯಾವ ಏಜೆಂಟನೂ ತಾನಾಗೇ ಹೇಳೂದಿಲ್ಲ.

ಮುಂದಿನ ಸಲ ಬರಿಯೂಮುಂದ ಇಡಾಕ ಎಷ್ಟು, ತಗಿಯಾಕ ಎಷ್ಟು, ಕೆಟ್ರ ಯಾರು ಬರ್ತಾರ ಅನ್ನೂದನ್ನೂ ಹಾಕ್ರಿ. ಜನವರಿಗಿಂತ ಮೊದ್ಲ ಬಂದ್ರ ಛಲೋ, ಆಮ್ಯಾಲೆ ಪೇಪರ್ ಓದಾಕ ಟೈಮ್ ಸಿಗೂದಿಲ್ಲ.

ಒಬ್ಬ ದಲಾಲಿ ವ್ಯಾಪಾರಿ,
ಬ್ಯಾಡಗಿ, ಹಾವೇರಿ ಜಿಲ್ಲೆ