ಅಡ್ವಾನ್ಸ್ ಹಾಕುವ ಮುಂಚೆ ಓದು

ದಾವಣಗೆರೆ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದ.

ಮದುವೆಗೆ ಕಟ್ಟಿಕೊಳ್ಳಲು ಇನ್‌ಸ್ಟಾಗ್ರಾಮ್‌ನಲ್ಲಿ ನೀನು ಆರಿಸಿದ ರೋಲೆಕ್ಸ್ ಸಬ್‌ಮರಿನರ್ ವಾಚಿನ ಫೋಟೊಗಳನ್ನು ನಿಮ್ಮಪ್ಪ ಕಳಿಸಿದ. 65,000 ರೂಪಾಯಿಗೆ 'ಅಸಲಿ, ಬಾಕ್ಸ್ ಕಾರ್ಡ್ ಸಮೇತ' ಅಂತೆ. ಅಂಗಡಿಯಲ್ಲಿ ಹೊಸದು 10 ಲಕ್ಷದ ಸುತ್ತಮುತ್ತ. ಬಳಸಿದ್ದೆಂದರೂ ಅಷ್ಟು ಕೆಳಗಿಳಿಯುವ ಮಾಲಲ್ಲ ಅದು. ಮೂರನೇ ಫೋಟೊ ನೋಡು: ಹಿಂಬದಿ ಮುಚ್ಚಳ ಗಾಜಿನದು, ಒಳಗಿನ ಯಂತ್ರ ಕಾಣುತ್ತದೆ. ಅಸಲಿ ಸಬ್‌ಮರಿನರ್‌ಗೆ ಉಕ್ಕಿನದೋ ಚಿನ್ನದ್ದೋ ಮುಚ್ಚಿದ ಮುಚ್ಚಳವೇ ಇರುತ್ತದೆ. ಇದರ ಮಾತು ಇಲ್ಲಿಗೇ ಮುಗಿಯಿತು. ನೀನು ಇನ್ನೊಂದನ್ನು ಹುಡುಕುತ್ತೀಯೆಂದು ಗೊತ್ತು, ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಮಾರುವವನಿಂದ ಸ್ಲೋ ಮೋಷನ್ ವಿಡಿಯೊ ಕೇಳು. ಈಗಿನ ಸಬ್‌ಮರಿನರ್ ಯಂತ್ರ ಗಂಟೆಗೆ 28,800 ಸಲ ಬಡಿಯುತ್ತದೆ, ಅಂದರೆ ಸೆಕೆಂಡ್ ಮುಳ್ಳು ಸೆಕೆಂಡಿಗೆ 8 ಹೆಜ್ಜೆ ಇಡಬೇಕು. ಅಗ್ಗದ ನಕಲಿಯಲ್ಲಿ ಕೂರಿಸುವ ಚೀನಾದ 2813 ಯಂತ್ರ 21,600ರದು, 6 ಹೆಜ್ಜೆ. ಇನ್ನೂ ಅಗ್ಗದ್ದು ಬ್ಯಾಟರಿಯದು, ಸೆಕೆಂಡಿಗೊಂದೇ ಜಿಗಿತ. ಆದರೆ 8 ಹೆಜ್ಜೆ ಇಟ್ಟ ಮಾತ್ರಕ್ಕೆ ನಂಬಬೇಡ. 'ಮಾಸ್ಟರ್ ಕಾಪಿ' ಅಂತ ಮಾರುವವುಗಳಲ್ಲಿ ಆ ವೇಗವನ್ನೂ ನಕಲು ಮಾಡಿರುತ್ತಾರೆ. ಸೀರಿಯಲ್ ನಂಬರೂ ಅಷ್ಟೇ, ಒಂದೇ ನಂಬರನ್ನು ಎಷ್ಟೋ ವಾಚಿಗೆ ಕೆತ್ತುತ್ತಾರೆ. ವಾರಂಟಿ ಕಾರ್ಡೂ ನಕಲಿ ಸಿಗುತ್ತದೆ. ತಿಳಿದವನು ಮುಚ್ಚಳ ಬಿಚ್ಚಿ ಯಂತ್ರ ನೋಡಿದ ಮೇಲೆಯೇ ಖಾತ್ರಿ.

ನಕಲಿಯೆಂದು ತಿಳಿದೇ ನಾಲ್ಕೈದು ಸಾವಿರದ 'ಫಸ್ಟ್ ಕಾಪಿ' ಕೊಳ್ಳುತ್ತೇನೆ ಅನ್ನಬಹುದು. ಅದು ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದ ಹಾಗೆ. 300 ಮೀಟರ್ ಆಳದ ನೀರನ್ನೂ ತಡೆಯುತ್ತದೆಂದು ಡಯಲ್ ಮೇಲೆ ಬರೆದಿರುತ್ತದೆ, ಒಳಗೆ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿರುವುದಿಲ್ಲ, ಗ್ರೀಸೂ ಇರುವುದಿಲ್ಲ. ಕೈ ತೊಳೆದ ನೀರೇ ಸಾಕು, ಗಾಜಿನೊಳಗೆ ಮಂಜು ಕಟ್ಟುತ್ತದೆ. ಆಮೇಲೆ ಕೀಲಿ ಕೊಡುವ ಗುಂಡಿಯ ಕಡ್ಡಿ ತುಕ್ಕು ಹಿಡಿದು ಮುರಿಯುತ್ತದೆ. ತಿರುಗಿಸಿ ಮುಚ್ಚುವ ಆ ಗುಂಡಿಯ ತಿರುಪಿನ ಗೆರೆ ಸವೆದರೆ ಮತ್ತೆ ಮುಚ್ಚುವುದೇ ಇಲ್ಲ. ನಮ್ಮೂರ ಏಪ್ರಿಲ್ ಬೆವರಿಗೆ ಚಿನ್ನದ ಲೇಪ ಎದ್ದು, ಒಳಗಿನ ನಿಕ್ಕಲ್ ಕೆಲವರ ಮಣಿಕಟ್ಟಿಗೆ ತುರಿಕೆ ತರುತ್ತದೆ. ರಿಪೇರಿಗೆ ಕಂಪನಿ ಸರ್ವಿಸ್ ಸೆಂಟರ್ ಮುಟ್ಟುವುದಿಲ್ಲ. ಇಲ್ಲಿನ ಚೌಕಿಪೇಟೆಯ ರಿಪೇರಿ ಅಂಗಡಿಗೆ ತಂದರೂ ಅಸಲಿ ಬಿಡಿಭಾಗ ಇದಕ್ಕೆ ಕೂರುವುದಿಲ್ಲ, ಯಂತ್ರವನ್ನೇ ಬದಲಿಸಬೇಕು. ಬೇಸರವಾಗಿ ಗೆಳೆಯನಿಗೆ ಮಾರಿಬಿಡೋಣ ಅಂದರೆ ಅದೂ ಆಗದು. ನಕಲಿ ಮಾರ್ಕಿನ ಮಾಲು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ 50,000ದಿಂದ 2 ಲಕ್ಷದವರೆಗೆ ದಂಡ.

ಮುಂಗಡ ಹಾಕಿಸಿಕೊಂಡವರು ಆಮೇಲೆ 'ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಇನ್ನೂ 8,000 ಹಾಕಿ' ಅನ್ನುವುದುಂಟು. ಹಾಕಬೇಡ. ಈಗಾಗಲೇ ಏನಾದರೂ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಹಣ ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಯಲು ಅದೇ ಮೊದಲ ದಾರಿ. ಯುಪಿಐ ವಹಿವಾಟಿನ ಸಂಖ್ಯೆ, ಚಾಟ್ ಸ್ಕ್ರೀನ್‌ಶಾಟ್ ಅಳಿಸಬೇಡ.

ನಿನ್ನ 65,000ಕ್ಕೆ ಟೈಟನ್, ಸೀಕೊ, ಟಿಸ್ಸಾಟ್‌ಗಳಲ್ಲಿ ಕೈಯ ಅಲುಗಾಟದಿಂದಲೇ ಓಡುವ ಒಳ್ಳೆಯ ಆಟೊಮ್ಯಾಟಿಕ್ ವಾಚು ಬಿಲ್ ಸಮೇತ ಬರುತ್ತದೆ, ಹಣವೂ ಮಿಗುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಿ ಎಣ್ಣೆ ಹಾಕಿ ಓಡಿಸಬಹುದಾದ ವಾಚುಗಳವು. ಚಿತ್ರದುರ್ಗದಿಂದ ಭಾನುವಾರ ಬೆಳಗಿನ ಬಸ್ಸಿಗೆ ಬಾ, ಇಬ್ಬರೂ ಹೋಗಿ ನೋಡೋಣ. ಅಲ್ಲಿಯವರೆಗೆ ಆ ಮಾರುವವನಿಗೆ ಒಂದು ರೂಪಾಯಿಯನ್ನೂ ಹಾಕಬೇಡ.

ನಿನ್ನ ದೊಡ್ಡಪ್ಪ