ಮೊದಲು ಲಾಗ್, ಆಮೇಲೆ ರಿಪೇರಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಒಂದು ಬದಲಾವಣೆ ಆಗುತ್ತಿದೆ. ಬಿದ್ದ ಡ್ರೋನ್ ಯಾವುದೇ ಇರಲಿ, ಅದರ ಹಾರಾಟದ ಲಾಗ್, ಅಂದರೆ ಹಾರುವಾಗ ತಾನೇ ಬರೆದಿಟ್ಟುಕೊಂಡ ದಾಖಲೆ, ತೆಗೆದು ಓದುವ ತನಕ ಒಂದು ಭಾಗವನ್ನೂ ಬದಲಾಯಿಸುವುದಿಲ್ಲ. ಲಾಗ್ ಓದುವುದಕ್ಕೆ 600 ರೂಪಾಯಿ ಬೇರೆ. ಲಾಗ್ ಸಿಗದಿದ್ದರೆ ಒಂದು ಪೈಸೆಯೂ ಕೊಡಬೇಡಿ. ರಿಪೇರಿಯನ್ನು ನಮ್ಮಲ್ಲೇ ಮಾಡಿಸಿದರೂ ಈ 600 ಬಿಲ್ಲಿನಲ್ಲಿ ಕಳೆಯುವುದಿಲ್ಲ. ಬೇಕಂತಲೇ ಹೀಗೆ ಇಟ್ಟಿದ್ದೇವೆ. ಲಾಗ್ ನೋಡಿ "ಇದನ್ನು ರಿಪೇರಿ ಮಾಡಿಸಬೇಡಿ, ದುಡ್ಡು ದಂಡ" ಅಂತ ಹೇಳುವ ಸ್ವಾತಂತ್ರ್ಯ ನಮಗೂ ಬೇಕಲ್ವಾ?

ಯಾಕೆ ಈ ಬದಲಾವಣೆ ಅಂದರೆ, ಆರ್ಮ್ (ಮೋಟರ್ ಕೂರುವ ತೋಳು) ಮುರಿದಿದ್ದು ಬಿದ್ದದ್ದರಿಂದ. ಬಿದ್ದದ್ದು ಯಾಕೆ ಅನ್ನುವುದು ಬೇರೆ ಪ್ರಶ್ನೆ. ಕಾರಣ ಗೊತ್ತಿಲ್ಲದೆ ಆರ್ಮ್ ಹಾಕಿ ಕೊಟ್ಟರೆ ಅದೇ ಡ್ರೋನ್ ಅದೇ ಕಾರಣಕ್ಕೆ ಇನ್ನೊಮ್ಮೆ ಬೀಳುತ್ತದೆ. ಮೇಲಾಗಿ 2022ರ ಫೆಬ್ರವರಿಯಿಂದ ಹೊರದೇಶದ ಪೂರ್ತಿ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿಭಾಗಗಳಿಗೆ ಮಾತ್ರ ಇಲ್ಲ. ಅಂದರೆ ಇರುವುದನ್ನೇ ಸರಿಯಾಗಿ ಬಾಳಿಸಿಕೊಳ್ಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಪುಣೆ ಹತ್ತಿರದ ಮುಳಶಿ ಕಡೆ ಒಬ್ಬರು ತಾವೇ ಕಟ್ಟಿದ ಕ್ವಾಡ್ (ನಾಲ್ಕು ಮೋಟರಿನ ಡ್ರೋನ್) ಹಾರಿಸುತ್ತಿದ್ದರು, ಆರ್ಡುಪೈಲಟ್ ಎಂಬ ಹಾರಾಟದ ಸಾಫ್ಟ್‌ವೇರ್ ಹಾಕಿದ್ದು. ಘಾಟಿನ ಗಾಳಿ ಹೊಡೆದು ಮಗುಚಿತು ಅಂತ ಅವರ ಅಂದಾಜು. ಲಾಗ್ ತೆರೆದೆವು. ಫ್ಲೈಟ್ ಕಂಟ್ರೋಲರ್, ಅಂದರೆ ಡ್ರೋನಿನ ಮಿದುಳಾದ ಬೋರ್ಡು, ಎಷ್ಟು ವಾಲಬೇಕು ಅಂತ ಕೇಳಿತ್ತು ಎಂಬುದು ಒಂದು ಗೆರೆ, ಡ್ರೋನ್ ನಿಜವಾಗಿ ಎಷ್ಟು ವಾಲಿತು ಎಂಬುದು ಇನ್ನೊಂದು. ಅಲ್ಲಿಯವರೆಗೆ ಎರಡೂ ಒಂದರ ಮೇಲೊಂದು ಕೂತಿದ್ದವು. ಗಾಳಿ ಇದ್ದರೆ ಎರಡೂ ಒಟ್ಟಿಗೇ ಅಲ್ಲಾಡುತ್ತವೆ. ಇಲ್ಲಿ ಹಾಗಾಗಲಿಲ್ಲ, ಒಂದು ಕ್ಷಣದಲ್ಲಿ ಎರಡೂ ಬೇರೆಯಾದವು, ಡ್ರೋನ್ ಎಡಕ್ಕೂ ಮುಂದಕ್ಕೂ ಉರುಳಿತು. ಅದೇ ಕ್ಷಣದಲ್ಲಿ ಮೂರನೇ ಮೋಟರಿಗೆ, ಅಂದರೆ ಮುಂದಿನ ಎಡ ಮೂಲೆಗೆ, ಕಂಟ್ರೋಲರ್ ಕೊಡುತ್ತಿದ್ದ ಆದೇಶ ಸರ್ರನೆ ಏರಿ ಗರಿಷ್ಠಕ್ಕೆ ಹೋಗಿ ನಿಂತಿತ್ತು. ಕರ್ಣದಲ್ಲಿ ಎದುರಿಗಿರುವ ನಾಲ್ಕನೆಯದು ಕೆಳಗೆ ಇಳಿದಿತ್ತು. ಪಾಪ, ಕಂಟ್ರೋಲರ್ "ಆ ಮೂಲೆ ಎತ್ತು, ಎತ್ತು" ಅಂತ ಕೂಗುತ್ತಿತ್ತು, ಆ ಮೂಲೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಬ್ಯಾಟರಿ ವೋಲ್ಟೇಜ್ ಚೆನ್ನಾಗಿಯೇ ಇತ್ತು.

ಲಾಗ್ ಇಷ್ಟು ಹೇಳಿತು: ತೊಂದರೆ ಆ ಮೂಲೆಯಲ್ಲಿ. ಮೋಟರೋ, ಅದರ ವೇಗ ಹಿಡಿತದಲ್ಲಿಡುವ ಇಎಸ್‌ಸಿಯೋ, ಪ್ರೊಪೆಲ್ಲರೋ ಅನ್ನುವುದನ್ನು ಅದು ಹೇಳಲಿಲ್ಲ. ಆಮೇಲೆ ಕೈಯಲ್ಲಿ ಹಿಡಿದು ನೋಡಿದಾಗ ಮೋಟರಿನ ಮೂರು ತಂತಿಗಳಲ್ಲಿ ಒಂದರ ಸೋಲ್ಡರ್ ಬಿಟ್ಟಿತ್ತು. ಮೇಲಿಂದ ನೋಡಿದರೆ ಕೂತಂತೆಯೇ ಕಾಣುತ್ತಿತ್ತು, ಉಗುರಿನಿಂದ ಒತ್ತಿದರೆ ಅಲ್ಲಾಡುತ್ತಿತ್ತು. ಗಾಳಿಯನ್ನೇ ನಂಬಿ ಹೊಸ ಆರ್ಮ್ ಹಾಕಿದ್ದರೆ ಮುಂದಿನ ಭಾನುವಾರ ಮತ್ತೆ ಅದೇ ಕಥೆ.

ಎಲ್ಲ ಲಾಗ್ ಇಷ್ಟು ಸಲೀಸಾಗಿ ಮಾತಾಡುವುದಿಲ್ಲ. ಲಾಗ್ ನಡುವೆಯೇ, ಡ್ರೋನ್ ಇನ್ನೂ ನಲವತ್ತು ಮೀಟರ್ ಎತ್ತರದಲ್ಲಿರುವಾಗಲೇ ನಿಂತುಹೋಗಿದ್ದರೆ, ಅದರ ಅರ್ಥ ಸಾಮಾನ್ಯವಾಗಿ ಕರೆಂಟೇ ಹೋಯಿತು ಅಂತ: ಬ್ಯಾಟರಿ ಸಡಿಲ ಅಥವಾ ಕನೆಕ್ಟರ್ ಸುಟ್ಟಿದೆ. ಸೊಸೈಟಿಯ ಟೆರೇಸಿನಿಂದ ಹಾರಿಸುವವರಲ್ಲಿ ಇನ್ನೊಂದು ತರಹ ನೋಡುತ್ತೇವೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳು ಕಂಪಾಸ್‌ಗೆ ತಪ್ಪು ದಿಕ್ಕು ತೋರಿಸುತ್ತದೆ, ಡ್ರೋನ್ ಮೇಲೆದ್ದ ಮೇಲೆ ದಿಕ್ಕು ಬದಲಾಗುತ್ತದೆ, ಜಿಪಿಎಸ್ ಒಂದು ಹೇಳಿದರೆ ಕಂಪಾಸ್ ಇನ್ನೊಂದು ಹೇಳುತ್ತದೆ, ಡ್ರೋನ್ ದೊಡ್ಡದಾಗುತ್ತಾ ಹೋಗುವ ಸುತ್ತು ಹಾಕಿ ಕೊನೆಗೆ ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕಿಗೆ ಹೊಡೆಯುತ್ತದೆ. ಅದಕ್ಕೆ ಯಾವ ಭಾಗವೂ ಬದಲಿಸಬೇಕಿಲ್ಲ, ಹಾರಿಸುವ ಜಾಗ ಬದಲಿಸಿದರೆ ಸಾಕು.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಡ್ರೋನ್ ಬಿದ್ದ ತಕ್ಷಣ ಬ್ಯಾಟರಿ ಕಳಚಿ. ಮತ್ತೆ ಹಾಕಬೇಡಿ, "ಆನ್ ಆಗತ್ತಾ ನೋಡೋಣ" ಅಂತ ಸುಮ್ನೆ ಒಂದು ಸಲವೂ ಬೇಡ. ಒಳಗೆ ತಂತಿ ತಂತಿ ತಾಗಿದ್ದರೆ ಆ ಒಂದು ಸಲದಲ್ಲೇ ಬೋರ್ಡು ಸುಡುತ್ತದೆ, ಬೋರ್ಡಿನ ಜೊತೆ ಲಾಗ್ ಕೂಡ ಹೋಗಬಹುದು. ಕಾರ್ಡ್ ಅರ್ಧಂಬರ್ಧ ಬರೆದಿದ್ದರೆ ಮತ್ತೆ ಆನ್ ಮಾಡಿದಾಗ ಅದರ ಮೇಲೆಯೇ ಹೊಸದು ಬರೆದುಕೊಳ್ಳಬಹುದು. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗ "ಫಾರ್ಮ್ಯಾಟ್ ಮಾಡಲೇ" ಅಂತ ಕೇಳಿದರೆ ಬೇಡ ಅನ್ನಿ, ಕಾರ್ಡ್ ತೆಗೆದು ಹಾಗೇ ತನ್ನಿ. ಉಬ್ಬಿದ ಅಥವಾ ಚುಚ್ಚಿದ ಲಿಪೋ ಬ್ಯಾಟರಿ ಮನೆಯೊಳಗೆ ಇಡಬೇಡಿ, ಅದು ಸ್ವಲ್ಪ ಹೊತ್ತು ಬಿಟ್ಟೂ ಹೊತ್ತಿಕೊಳ್ಳಬಹುದು.

ಡಿಜೆಐ ಕಂಪನಿಯ ಡ್ರೋನ್ ಆಗಿದ್ದರೆ ದಾಖಲೆ ಎರಡು ಕಡೆ ಇರುತ್ತದೆ. ಒಂದು ಡ್ರೋನಿನ ಒಳಗೆ, ಇನ್ನೊಂದು ನೀವು ಹಾರಿಸಿದ ಫೋನಿನ ಫ್ಲೈಟ್‌ರೆಕಾರ್ಡ್ ಫೋಲ್ಡರಿನಲ್ಲಿ. ರಿಮೋಟಿಗೇ ಸ್ಕ್ರೀನ್ ಇದ್ದರೆ ರಿಮೋಟಿನಲ್ಲಿ. ಹೊಸ ಮಾಡೆಲ್‌ಗಳಲ್ಲಿ ಒಳಗಿನ ದಾಖಲೆಗೆ ಬೀಗ ಹಾಕಿರುತ್ತಾರೆ, ಕಂಪನಿಯವರಷ್ಟೇ ಓದಬಹುದು. ಹಾಗಾಗಿ ಫೋನಿನದೇ ನಮಗೆ ಆಧಾರ. ಆ ಫೈಲಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂತ ಇದ್ದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಕಸ ಕಾಣುತ್ತದೆ, ಹಾಳಾಗಿದೆ ಅಂತ ಅಳಿಸಬೇಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಲೇಬೇಡಿ, ಫೋನಿನಿಂದ ದಾಖಲೆಯೂ ಅದರ ಜೊತೆ ಹೋಗುತ್ತದೆ. ಡ್ರೋನ್ ಕೈಗೆ ಸಿಗದಿದ್ದರೂ ಫೋನ್ ಹಿಡಿದು ಬನ್ನಿ. ಕೊನೆಯ ಕ್ಷಣದ ಜಾಗ, ಎತ್ತರ, ವೇಗ, ದಿಕ್ಕು ಅದರಲ್ಲಿ ಇದ್ದರೆ ಎಲ್ಲಿ ಹುಡುಕಬೇಕು ಅಂತ ನಕ್ಷೆಯಲ್ಲಿ ಗುರುತು ಮಾಡಿ ಕೊಡುತ್ತೇವೆ.

ರೇಸಿಂಗ್ ಕ್ವಾಡ್‌ನವರದು ಬೀಟಾಫ್ಲೈಟ್ ಸಾಫ್ಟ್‌ವೇರಿನ ಲಾಗ್, ಅಂದರೆ ಬ್ಲ್ಯಾಕ್‌ಬಾಕ್ಸ್. ಬೋರ್ಡಿನ ಮೇಲೆ ಎಂಟು ಕಾಲಿನ, ಕಡಲೆಬೇಳೆಯಷ್ಟೇ ಇರುವ ಒಂದು ಫ್ಲ್ಯಾಶ್ ಚಿಪ್ ಇರುತ್ತದೆ, ಅನೇಕ ಬೋರ್ಡುಗಳಲ್ಲಿ 16 ಎಂಬಿ. ತುಂಬಿದ ಮೇಲೆ ಅದು ಬರೆಯುವುದನ್ನೇ ನಿಲ್ಲಿಸುತ್ತದೆ. ಹಳೆಯದನ್ನು ಅಳಿಸದೆ ಹಾರಿಸಿದರೆ ಬಿದ್ದ ಹಾರಾಟ ಅದರಲ್ಲಿ ಇರುವುದೇ ಇಲ್ಲ. ಆದ್ದರಿಂದ ಅಳಿಸುವ ಬಟನ್ ಹಾರಿಸುವ ಮುಂಚೆ ಒತ್ತಿ, ಬಿದ್ದ ಮೇಲೆ ದಯವಿಟ್ಟು ಒತ್ತಬೇಡಿ. ಬೋರ್ಡು ಸತ್ತಿದ್ದರೂ ಚಿಂತೆ ಬೇಡ, ಕರೆಂಟ್ ಇಲ್ಲದೆಯೂ ಚಿಪ್‌ನಲ್ಲಿ ಡೇಟಾ ಉಳಿಯುತ್ತದೆ. ಚಿಪ್ ಕಿತ್ತು ಬೇರೆ ರೀಡರಿನಲ್ಲಿ ಓದುತ್ತೇವೆ. ಆ ಕೆಲಸಕ್ಕೆ ಮಾತ್ರ ಚಾರ್ಜ್ ಜಾಸ್ತಿ, ಮೊದಲೇ ಕೇಳಿಯೇ ಮಾಡುತ್ತೇವೆ. ಡ್ರೋನ್ ಖಡಕ್‌ವಾಸ್ಲಾ ಅಣೆಕಟ್ಟಿನ ನೀರಿಗೆ ಬಿದ್ದಿದ್ದರೂ ಇದೇ ಮಾತು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದು ಬೇಡ, ಬ್ಯಾಟರಿ ತೆಗೆದು ಹಾಗೇ ತನ್ನಿ.

ಕಾರ್ಡಿನಲ್ಲಿ ಕೊನೆಯ ಲಾಗ್ "0 ಕೆಬಿ" ಅಂತ ತೋರಿಸುವುದು ನಾವು ಜಾಸ್ತಿ ಕೇಳುವ ದೂರು. ಗಾಬರಿ ಆಗಬೇಡಿ. ಡೇಟಾ ಮೊದಲು ಕಾರ್ಡಿಗೆ ಹೋಗುತ್ತದೆ, ಫೈಲು ಎಷ್ಟು ದೊಡ್ಡದು ಅನ್ನುವ ಲೆಕ್ಕ ಆಮೇಲೆ ಬರೆಯಲಾಗುತ್ತದೆ. ನಡುವೆ ಕರೆಂಟ್ ಹೋದರೆ ಲೆಕ್ಕ ಸೊನ್ನೆ, ಸರಕು ಮಾತ್ರ ಅಲ್ಲೇ. ನಾವು ಮೊದಲು ಇಡೀ ಕಾರ್ಡಿನ ನಕಲು ಮಾಡುತ್ತೇವೆ, ಮೂಲ ಕಾರ್ಡನ್ನು ಲಕೋಟೆಯಲ್ಲಿ ಹಾಕಿ ಇಡುತ್ತೇವೆ, ಆಮೇಲೆ ನಕಲಿನಲ್ಲಿ ಹುಡುಕುತ್ತೇವೆ. ಆರ್ಡುಪೈಲಟ್ ಲಾಗ್‌ನ ಪ್ರತಿ ದಾಖಲೆಯೂ ಎ3 95 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ, ಆ ಜೋಡಿ ಸಾಲಾಗಿ ಕಾಣತೊಡಗಿದರೆ ಕಳೆದ ಲಾಗ್ ಸಿಕ್ಕಿತು ಅಂತಲೇ ಲೆಕ್ಕ. ಕೊನೆಯ ಒಂದು ಚೂರು ಮಾತ್ರ ಕಾರ್ಡಿಗೆ ಮುಟ್ಟಿರುವುದಿಲ್ಲ, ಅದನ್ನು ಯಾರೂ ತಂದುಕೊಡಲಾರರು.

ಎರಡು ಮಾತು ನೇರವಾಗಿ. ವಾರಂಟಿಗೋಸ್ಕರ ಲಾಗ್ ತಿದ್ದಿ ಕೊಡಿ ಅಂತ ಕೇಳುವವರಿದ್ದಾರೆ. ಕೊಡುವುದಿಲ್ಲ, ಚೌಕಾಸಿ ಬೇಡ. ಇನ್ನೊಂದು, ಲಾಗ್‌ನಲ್ಲಿ ನೀವು ಎಲ್ಲಿಂದ ಹಾರಿಸಿದಿರಿ, ಎಷ್ಟು ಎತ್ತರ ಹೋದಿರಿ ಎಲ್ಲ ಇರುತ್ತದೆ, ನಿಮ್ಮ ಮನೆಯ ಟೆರೇಸ್ ಸಮೇತ. ಅದನ್ನು ನಾವು ಯಾರಿಗೂ ತೋರಿಸುವುದಿಲ್ಲ, ಡ್ರೋನ್ ವಾಪಸ್ ಕೊಟ್ಟ ಒಂದು ತಿಂಗಳಿಗೆ ನಕಲನ್ನೂ ಅಳಿಸುತ್ತೇವೆ. ಆದರೆ ಲೋಹಗಾಂವ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಹಾರಿಸಿ ಬೀಳಿಸಿಕೊಂಡವರಿಗೆ ನಮ್ಮಿಂದ ಸ್ವಲ್ಪ ಬೈಗುಳ ಉಚಿತ. 250 ಗ್ರಾಂ ಒಳಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ ನಿಜ, ಹಾಗಂತ ರೆಡ್ ಝೋನ್ (ಅನುಮತಿ ಇಲ್ಲದೆ ಹಾರಿಸಬಾರದ ಜಾಗ) ಗ್ರೀನ್ ಆಗುವುದಿಲ್ಲ.

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಪಾರ್ಸೆಲ್ ಕಳಿಸುವವರು ಬ್ಯಾಟರಿ ಹಾಕಬೇಡಿ, ಅದರ ನಾಲ್ಕೂ ಬದಿಯ ಫೋಟೋ ಮತ್ತು ಕನೆಕ್ಟರಿನ ಫೋಟೋ ವಾಟ್ಸಾಪ್ ಮಾಡಿದರೆ ಸಾಕು. ಕಾರ್ಡನ್ನು ಡ್ರೋನಿನಲ್ಲೇ ಬಿಡಿ. ಪುಣೆಯಲ್ಲೇ ಇರುವವರು ಶನಿವಾರ ಸಂಜೆ ಬಂದರೆ ಒಳ್ಳೆಯದು. ಗಲಾಟೆ ಕಡಿಮೆ ಇರುತ್ತದೆ, ಲಾಗನ್ನು ನಿಮ್ಮೆದುರಿಗೇ ತೆರೆದು ಗೆರೆ ಗೆರೆ ತೋರಿಸುತ್ತೇವೆ. ಈಗಾಗಲೇ ನಮ್ಮಲ್ಲಿ ಬಿಟ್ಟುಹೋಗಿರುವ ಡ್ರೋನ್‌ಗಳಿಗೆ ಹಳೆಯ ದರವೇ ನಡೆಯುತ್ತದೆ.

ಇಂತಿ,
ನಿಮ್ಮ ಡ್ರೋನ್ ರಿಪೇರಿ ಅಂಗಡಿಯವರು, ಪುಣೆ