ಎಲ್ಲದಕ್ಕೂ ‘ಫಾಸ್ಟ್’ ಬೇಡ: ಈ ವಾರದ ಪದಗಳು

ಎಲ್ಲರಿಗೂ ನಮಸ್ಕಾರ. ಈ ವಾರ ಹುರುಪು, ಓಡಾಟ ಹೇಳುವ ಇಂಗ್ಲಿಷ್ ಗುಣವಾಚಕಗಳು. ಸುಮ್ನೆ ಎಲ್ಲ ಕಡೆ ‘ಫಾಸ್ಟ್’ ಅಂತ ಬರೆಯಬೇಡಿ. ಬೆಳಗಿನ ಬಿರುಸು ನಡಿಗೆಗೆ ‘ಬ್ರಿಸ್ಕ್’. ಬಂಡೆಯಿಂದ ಬಂಡೆಗೆ ಹಾರುವ ಮೇಕೆಗೆ ‘ಅಜೈಲ್’. ಹೂ ಕಟ್ಟುವ ಬೆರಳುಗಳಿಗೆ ‘ನಿಂಬಲ್’. ಇದು ನನಗೆ ತುಂಬಾ ಇಷ್ಟದ ಪದ. ವೇಗದ ಜೊತೆ ನಾಜೂಕೂ ಇದರಲ್ಲಿದೆ. ‘ರೆಸ್ಟ್‌ಲೆಸ್’ನಲ್ಲಿ ಚಲನೆ ಇದೆ, ನೆಮ್ಮದಿ ಇಲ್ಲ. ನಮ್ಮ ಚಡಪಡಿಕೆ ಅದೇ ಅಲ್ವಾ?

‘ಹೆಕ್ಟಿಕ್’ ಅನ್ನು ವ್ಯಕ್ತಿಗೆ ಹೇಳಬೇಡಿ, ಗಡಿಬಿಡಿಯ ದಿನಕ್ಕೆ ಹೇಳಿ. ಹಿಂದೆ ಈ ಪದವನ್ನು ಕ್ಷಯರೋಗದ ಜ್ವರಕ್ಕೆ ಬಳಸುತ್ತಿದ್ದರು. ‘ಸ್ಲಗಿಶ್’ ಅಂದರೆ ಮಂದ. ವ್ಯಾಪಾರ ಡಲ್ ಆದಾಗಲೂ ಸರಿಹೊಂದುತ್ತದೆ.

ಭಾನುವಾರದೊಳಗೆ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕಂಡದ್ದರ ಬಗ್ಗೆ ಎರಡು ವಾಕ್ಯ ಕಳಿಸಿ. ತಪ್ಪಾದರೂ ಪರವಾಗಿಲ್ಲ, ಒಟ್ಟಿಗೆ ತಿದ್ದೋಣ.